ರಾಯಚೂರಾಗ ಸ್ವಲ್ಪ ಕೆಲಸ ಐತಿ

ಮಾನ್ವಿಯ ಜನ ರಾಯಚೂರಿಗೆ ಸುಮ್ಮನೆ ಹೋಗುವುದಿಲ್ಲ. ಅವರಿಗೆ ಅಲ್ಲಿ ಕೆಲಸ ಇರುತ್ತದೆ. ಬಸ್ ನಿಲ್ದಾಣದಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತವರನ್ನು "ಎಲ್ಲಿಗೆ ಹೊಂಟೀರಿ?" ಎಂದು ಕೇಳಿ ನೋಡಿ. "ರಾಯಚೂರಾಗ ಸ್ವಲ್ಪ ಕೆಲಸ ಐತ್ರಿ" ಎನ್ನುತ್ತಾರೆ. ಏನು ಕೆಲಸ ಎಂದು ಮುಂದೆ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಕೇಳುವವರೂ ಅದೇ ಬಸ್ಸಿಗೆ ನಿಂತಿರುತ್ತಾರೆ. ಅವರ ಕೆಲಸವೂ ಅಷ್ಟೇ ಘನವಾದದ್ದು. ಊರು ನೋಡಿ, ಏನಾದರೂ ತಿಂದು, ಸಂಜೆಗೆ ಬರುತ್ತೇನೆ ಎಂದು ನಿಜ ಹೇಳಿದ ಹುಡುಗನಿಗೆ ನಮ್ಮ ಕಡೆ ಹೆಣ್ಣು ಸಿಗುವುದು ಕಷ್ಟ.

ದಾರಿ ಐವತ್ತು ಕಿಲೋಮೀಟರ್ ತುಂಬುವುದಿಲ್ಲ. ನೀರಮಾನ್ವಿ ಬಂದಾಗ ಹಿರಿಯರು ಯಲ್ಲಮ್ಮನಿಗೆ ಕೂತಲ್ಲಿಂದಲೇ ಕೈ ಮುಗಿಯುತ್ತಾರೆ. ಓದಿಕೊಂಡವರು ಕಥೆಗಾರ ರಾಜಶೇಖರ ನೀರಮಾನ್ವಿಯವರ ಊರಿದು ಎಂದು ಪಕ್ಕದವರಿಗೆ ಹೇಳುತ್ತಾರೆ. ಉಳಿದವರು ನಿದ್ದೆ ಮಾಡುತ್ತಾರೆ. ಇಷ್ಟು ಸಣ್ಣ ದಾರಿಗೆ ನಾವು ಚಿಕ್ಕವರಿದ್ದಾಗ ದೊಡ್ಡ ತಯಾರಿ ನಡೆಯುತ್ತಿತ್ತು, ತಯಾರಿಗೂ ಮೊದಲು ಕಾರಣ ಬೇಕಿತ್ತು. ಅಪ್ಪನ ಕಾರಣ ರಾಜೇಂದ್ರ ಗಂಜ್: ಹತ್ತಿ ಹಾಕಿ, ಅಡತಿ ಅಂಗಡಿಯಲ್ಲಿ ಪಟ್ಟಿ ಇಸಿದುಕೊಂಡು ಬರಬೇಕು. ಅವ್ವನ ಕಾರಣ ಮದುವೆಯ ಜವಳಿ. ಬಳಗ ದೊಡ್ಡದಾದ್ದರಿಂದ ಆ ಕಾರಣಕ್ಕೆ ಬರ ಬಂದದ್ದೇ ಇಲ್ಲ. ಎಲ್ಲಕ್ಕಿಂತ ಗಟ್ಟಿಯಾದ ಕಾರಣವೆಂದರೆ ಅಜ್ಜಿಯ ಕಣ್ಣು. ಒಬ್ಬರ ಕಣ್ಣು ತೋರಿಸಲು ಮನೆಯ ಅರ್ಧ ಮಂದಿ ಹೊರಡುತ್ತಿದ್ದೆವು. ಅಜ್ಜಿಯ ಕೈ ಹಿಡಿಯಲು ಒಬ್ಬರು, ಡಾಕ್ಟರ ಚೀಟಿ ಹಿಡಿಯಲು ಒಬ್ಬರು, ಬುತ್ತಿಗಂಟು ಹಿಡಿಯಲು ಒಬ್ಬರು, ಜೊತೆಗೆ ಹಿಡಿಯಲು ಏನೂ ಇಲ್ಲದ ನಾವು ಹುಡುಗರು. ಅಜ್ಜಿಗೆ ದೃಷ್ಟಿ ಎಷ್ಟು ಮರಳಿತೋ ಗೊತ್ತಿಲ್ಲ, ಆಕೆಯ ಕಣ್ಣಿನ ಪುಣ್ಯದಿಂದ ನಾವಂತೂ ರಾಯಚೂರು ನೋಡಿದೆವು.

ಪಠ್ಯಪುಸ್ತಕದ ಪ್ರಕಾರ ರಾಯಚೂರು ಎರಡು ನದಿಗಳ ನಡುವಿನ ಊರು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಈ ದೋಆಬಕ್ಕಾಗಿ ವಿಜಯನಗರದವರೂ ಬಹಮನಿಗಳೂ ತಲೆಮಾರುಗಟ್ಟಲೆ ಬಡಿದಾಡಿದರು. ಆದರೆ ಊರೊಳಗಿನ ಯಾವ ಮಾಳಿಗೆ ಹತ್ತಿ ನಿಂತರೂ ನದಿ ಕಾಣುವುದಿಲ್ಲ, ಬಿಸಿಲು ಕಾಣುತ್ತದೆ. ನದಿಗಳೂ ಜಾಣವು. ಈ ಬಿಸಿಲು ಕಂಡು ಒಂದು ಮೇಲುಗಡೆಯಿಂದ, ಇನ್ನೊಂದು ಕೆಳಗಡೆಯಿಂದ ಸರಿದುಹೋಗಿ, ಜಿಲ್ಲೆ ದಾಟಿ, ತೆಲುಗು ಸೀಮೆಯಲ್ಲಿ ಆಲಂಪುರದ ಆಚೆ ನಿರಾಳವಾಗಿ ಒಂದಾಗುತ್ತವೆ. ಕೃಷ್ಣೆಗಂತೂ ಇಲ್ಲಿ ನಿಂತು ಮಾತಾಡಲು ಪುರಸೊತ್ತಿಲ್ಲ, ಅವಳಿಗೂ ಕೆಲಸ. ಅವಳ ದಂಡೆಯ ಶಕ್ತಿನಗರದಲ್ಲಿ 1985ರಿಂದ ಶಾಖೋತ್ಪನ್ನ ಸ್ಥಾವರ ನಡೆಯುತ್ತಿದೆ. ಎಂಟು ಘಟಕ ಸೇರಿ 1,720 ಮೆಗಾವ್ಯಾಟ್ ಸಾಮರ್ಥ್ಯ. ಅಷ್ಟು ಕರೆಂಟು ಹುಟ್ಟುವ ಜಿಲ್ಲೆಯಲ್ಲಿ ಮೇ ತಿಂಗಳ ಮಧ್ಯಾಹ್ನ ತಲೆಯ ಮೇಲಿನ ಫ್ಯಾನು ನಿಂತರೆ ನಮ್ಮವರು ಯಾರನ್ನೂ ಬೈಯುವುದಿಲ್ಲ. "ಬೆಂಗಳೂರಾಗ ತಿರುಗಾಕತ್ತಿರಬೇಕು ಬಿಡು" ಎಂದು ಬೀಸಣಿಗೆ ಹುಡುಕುತ್ತಾರೆ.

ಇಂಥ ಊರಿಗೆ ಒಂದು ದಿನ ಸುಮ್ಮನೆ ಹೋಗಿ ಬರೋಣ ಎಂದವನು ನನ್ನ ತಂಗಿಯ ಮಗ. ಅವನು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುತ್ತಾನೆ. ಒಂದು ಲೆಕ್ಕಕ್ಕೆ ಅವನೂ ಎರಡು ನದಿಯ ಊರಿನವನೇ. ಅವನ ಊರಿಗಿಂತ ತುಸು ಮೇಲೆ ಮಿಸೌರಿ ಬಂದು ಮಿಸಿಸಿಪ್ಪಿಗೆ ಸೇರುತ್ತದೆ. ರಜೆಗೆ ಮಾನ್ವಿಗೆ ಬಂದಿದ್ದಾಗ ಬೆಳಗಿನ ಚಾ ಹೊತ್ತಿನಲ್ಲಿ ಮಾತು ತೆಗೆದ.

"ಮಾಮಾ, ರಾಯಚೂರಿಗೆ ಹೋಗಿ ಬರೋಣೇನು?"

"ಏನು ಕೆಲಸ ಇತ್ತು?"

"ಕೆಲಸ ಏನಿಲ್ಲ, ಸುಮ್ನ."

ಮನೆಯಲ್ಲಿ ಯಾರೂ ಮಾತಾಡಲಿಲ್ಲ. ತಂಗಿ ಎದ್ದು ಬಂದು ಮಗನ ಹಣೆ ಮುಟ್ಟಿ ನೋಡಿದಳು. ಅವನು ನಮಗೆ ತಿಳಿಸಿ ಹೇಳಿದ. ಅವನ ಊರಿಗೆ ಶನಿವಾರ ಬಂತೆಂದರೆ ಸುತ್ತಲಿನ ರಾಜ್ಯಗಳಿಂದ ತಾಸುಗಟ್ಟಲೆ ಕಾರು ಓಡಿಸಿಕೊಂಡು ಜನ ಬರುತ್ತಾರೆ. ತಿನ್ನುತ್ತಾರೆ, ಕೊಳ್ಳುತ್ತಾರೆ, ನೋಡುತ್ತಾರೆ, ಹೋಗುತ್ತಾರೆ. ನದಿ ದಂಡೆಯಲ್ಲಿ 630 ಅಡಿ ಎತ್ತರದ ಉಕ್ಕಿನ ಕಮಾನಿದೆ, ಕಟ್ಟಿ ಮುಗಿಸಿದ್ದು 1965ರಲ್ಲಿ. ಅದರ ಹೊಟ್ಟೆಯೊಳಗೆ ಸಣ್ಣ ಗಾಡಿಯಲ್ಲಿ ಕೂತು ತುದಿಯವರೆಗೆ ಹೋಗಬಹುದು.

"ಮ್ಯಾಲ ಹೋಗಿ ಏನು ಮಾಡ್ತಾರ?" ಎಂದಳು ನಮ್ಮವ್ವ.

"ನೋಡ್ತಾರ, ಅಜ್ಜಿ."

"ಆಮ್ಯಾಲ?"

"ಇಳೀತಾರ."

ಅವ್ವ ಸ್ವಲ್ಪ ಹೊತ್ತು ಯೋಚಿಸಿ, ಪಾಪ ಎಂಬಂತೆ ಮೊಮ್ಮಗನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. "ರಾಯಚೂರಾಗ ನೋಡೋದು ಏನೇನದ?" ಎಂದು ಅವನು ಕೇಳಿದ್ದಕ್ಕೆ ಮನೆಮಂದಿಯೆಲ್ಲ ಒಂದೇ ಬಾಯಲ್ಲಿ "ಏನಿಲ್ಲ" ಎಂದೆವು. ಆ ಏನಿಲ್ಲವನ್ನೇ ತೋರಿಸಲು ನಾನು ಹೊರಟು ನಿಂತಾಗ ಅವ್ವ ಒಳಗಿನಿಂದ ಮಿಕ್ಸಿಯ ಜಾರು ತಂದು ಚೀಲಕ್ಕೆ ಹಾಕಿದಳು. "ಹೆಂಗೂ ಹೊಂಟೀರಿ. ಇದು ಸರಿ ತಿರುಗವಲ್ದು, ತೋರಿಸಿಕೊಂಡು ಬರ್ರಿ." ನನಗೆ ಜೀವ ಬಂತು. ಬಸ್ಸಿನಲ್ಲಿ ಪರಿಚಯದವರು ಕೇಳಿದಾಗ ಧೈರ್ಯವಾಗಿ ಹೇಳಿದೆ, "ರಾಯಚೂರಾಗ ಸ್ವಲ್ಪ ಕೆಲಸ ಐತ್ರಿ."

ಬಸ್ ನಿಲ್ದಾಣದ ಹತ್ತಿರವೇ ಕೋಟೆ. ಜನ್ಮವಿಡೀ ಅದರ ಗೋಡೆಯ ಬದಿಯಲ್ಲಿ ಬಸ್ಸಿಗೆ ಓಡಿದ್ದೇವೆ, ಒಳಗೆ ಹೋಗುವ ಕೆಲಸ ಬಿದ್ದಿರಲಿಲ್ಲ. ಕಾಕತೀಯರ ಕಾಲದಲ್ಲಿ, 1294ರಲ್ಲಿ ಕಟ್ಟಿಸಿದ್ದೆಂದು ಹೇಳುವ ಶಾಸನ ಅಲ್ಲಿದೆ. ಅದನ್ನು ಕೆತ್ತಿದ್ದು 41 ಅಡಿಗೂ ಉದ್ದದ ಒಂದೇ ಕಲ್ಲಿನ ಮೇಲೆ. ಇಷ್ಟು ದೊಡ್ಡ ಕಲ್ಲನ್ನು ತಂದದ್ದು ಹೇಗೆಂದು ಯಾರೂ ತಲೆ ಕೆರೆದುಕೊಳ್ಳಬಾರದೆಂದು ಅದರ ಚಿತ್ರವನ್ನೂ ಗೋಡೆಯಲ್ಲಿ ಕೆತ್ತಿಟ್ಟಿದ್ದಾರೆ: ಕಲ್ಲು ಹೇರಿದ ಗಾಡಿ, ಅದಕ್ಕೆ ಹೂಡಿದ ಕೋಣಗಳ ಉದ್ದನೆಯ ಸಾಲು. ಏಳು ನೂರು ವರ್ಷಗಳ ಮೇಲೂ ಊರು ಆ ಚಟ ಬಿಟ್ಟಿಲ್ಲ. ಕಾರಹುಣ್ಣಿಮೆಯ ಹೊತ್ತಿಗೆ ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಸಾಂಸ್ಕೃತಿಕ ಹಬ್ಬದಲ್ಲಿ ಎತ್ತುಗಳಿಂದ ಭಾರವಾದ ಕಲ್ಲು ಎಳೆಸುವ ಪಂದ್ಯ ನೋಡಲು ಜನ ಕಿಕ್ಕಿರಿಯುತ್ತಾರೆ. ಆಗ ಕಲ್ಲು ಎಳೆದದ್ದು ಕೋಟೆ ಕಟ್ಟಲು, ಈಗ ಎಳೆಯುವುದು ಎಳೆದು ನೋಡಲು. ಆ ಒಂದು ದಿನ ಮಾತ್ರ ರಾಯಚೂರಿಗೆ ಕೆಲಸವಿಲ್ಲದೆ ಹೋದರೂ ನಡೆಯುತ್ತದೆ.

ಇದೇ ಕೋಟೆಗಾಗಿ 1520ರಲ್ಲಿ ಕೃಷ್ಣದೇವರಾಯ ಬಂದ. ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನ ಸೈನ್ಯ ಸೋತಿತು. ಈ ಸಂಗತಿಯನ್ನು ವಿಸ್ತಾರವಾಗಿ ಬರೆದಿಟ್ಟವನು ಫೆರ್ನಾವ್ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ. ಕಾಳಗ ಮುಗಿದು ಎಷ್ಟೋ ವರ್ಷದ ಮೇಲೆ ವಿಜಯನಗರಕ್ಕೆ ಬಂದು ಅವನು ಕೇಳಿ ತಿಳಿದುಕೊಂಡದ್ದು. ರಾಯನ ಕಡೆಯ ಪೋರ್ಚುಗೀಸ್ ಬಂದೂಕುದಾರರು ಹೊರಗೆ ಹೊಂಚಿ ನಿಂತಿದ್ದಾಗ ಕೋಟೆಯ ನಾಯಕ ಗೋಡೆಯ ಆಚೆ ಏನು ನಡೆದಿದೆ ಎಂದು ಬಾಗಿ ನೋಡಿದನಂತೆ. ಗುಂಡು ಹಣೆಗೇ ಬಿತ್ತು. ಅಪ್ಪ ಇದ್ದಿದ್ದರೆ ಇದನ್ನು ಕೇಳಿ ಸಮಾಧಾನಪಡುತ್ತಿದ್ದ. ಸುಮ್ಮನೆ ನೋಡಲು ಹೋದರೆ ಏನಾಗುತ್ತದೆ ಎಂಬ ಅವನ ಸಿದ್ಧಾಂತಕ್ಕೆ ಇತಿಹಾಸದ ಆಧಾರ ಸಿಕ್ಕಂತಾಗುತ್ತಿತ್ತು.

ಆದರೆ ನೂನಿಜ್ ಇನ್ನೊಂದು ಮಾತೂ ಬರೆದಿದ್ದಾನೆ. ರಾಯನ ದಂಡಿನ ಜೊತೆ ಪೇಟೆಯೇ ನಡೆದುಬಂದಿತ್ತು. ಕುರಿ, ಕೋಳಿ, ಕಾಳುಕಡಿ, ಬಟ್ಟೆಬರೆ, ಅಲ್ಲೇ ಕೂತು ಒಡವೆ ಮಾಡುವ ಕಸಬುದಾರರು, ಮುತ್ತುರತ್ನ ಮಾರುವವರು. ಗೊತ್ತಿಲ್ಲದವನು ನೋಡಿದರೆ ಇದು ಯುದ್ಧವೆಂದು ನಂಬದೆ ಯಾವುದೋ ತುಂಬಿದ ಪಟ್ಟಣವೆಂದುಕೊಳ್ಳುವಂತಿತ್ತು. ಇದನ್ನು ಓದಿದಂದಿನಿಂದ ನನಗೊಂದು ಗುಮಾನಿ. ಆ ಲಕ್ಷಾಂತರ ಮಂದಿಯಲ್ಲಿ ಎಷ್ಟೋ ಜನ ಹೊರಡುವಾಗ ಮನೆಯಲ್ಲಿ ಹೇಳಿದ್ದೂ ಇಷ್ಟೇ ಇರಬೇಕು: ರಾಯಚೂರಾಗ ಸ್ವಲ್ಪ ಕೆಲಸ ಐತಿ.

ಏಕ್ ಮಿನಾರ್ ಮಸೀದಿಯ ಮುಂದೆ ಹುಡುಗ ನಿಂತು ಕತ್ತೆತ್ತಿದ. ಬಹಮನಿ ಕಾಲದಲ್ಲಿ, 1513ರಲ್ಲಿ ಕಟ್ಟಿದ್ದು. 65 ಅಡಿಯ ಒಂಟಿ ಮಿನಾರು. "ನಿಮ್ಮ ಕಮಾನಿನ ಹತ್ತನೆಯ ಒಂದು ಪಾಲು, ವಯಸ್ಸಿನಾಗ ನಾಲ್ಕೂವರೆ ನೂರು ವರ್ಷ ದೊಡ್ಡದು" ಎಂದೆ. ಹಿರಿಯರ ಮುಂದೆ ಎತ್ತರದ ಮಾತು ಆಡಬಾರದೆಂಬುದು ಅವನಿಗೆ ತಿಳಿಯಿತು.

ಅಲ್ಲಿಂದ ತೀನ್ ಕಂದೀಲ್, ಸರಾಫ್ ಬಜಾರು. ಈ ಗಲ್ಲಿಗಳೇ ನಮ್ಮವ್ವನ ರಣಭೂಮಿ. ಆಕೆ ಸೀರೆಯ ದರ ಕೇಳುವುದು ಕನ್ನಡದಲ್ಲಿ. ಅವರು ಹೇಳಿದ್ದಕ್ಕೆ ಬೆಚ್ಚಿಬೀಳುವುದು ತೆಲುಗಿನಲ್ಲಿ. "ನಕ್ಕೋ" ಎಂದು ಎದ್ದು ಹೊರಡುವುದು ಉರ್ದುವಿನಲ್ಲಿ. ಮೆಟ್ಟಿಲು ಇಳಿಯುವಷ್ಟರಲ್ಲಿ ಅಂಗಡಿಯವರು ಅವರ ಮನೆಭಾಷೆಯಲ್ಲಿ ಏನೋ ಗೊಣಗಿ ಕರೆಯುತ್ತಿದ್ದರು. ಒಂದು ಸೀರೆಗೆ ನಾಲ್ಕು ಭಾಷೆ ಖರ್ಚಾದರೂ ಹತ್ತು ರೂಪಾಯಿ ಉಳಿಯುತ್ತಿತ್ತು. ಬಸ್ಸಿನಲ್ಲಿ ಮನೆಯವರೆಗೂ ಅವ್ವನ ಮಾತು ಸೀರೆಯದಲ್ಲ, ಆ ಹತ್ತು ರೂಪಾಯಿಯದು. ಈಗ ದರದ ಚೀಟಿ ಸೀರೆಗೇ ಅಂಟಿರುತ್ತದೆ. ಅಂಗಡಿಯ ಹುಡುಗರು ಮೊಬೈಲು ನೋಡುತ್ತ ಮಾಲು ತೋರಿಸುತ್ತಾರೆ. ಬೇಡವೆಂದು ಎದ್ದರೆ ಯಾರೂ ಕರೆಯುವುದಿಲ್ಲ.

ರಿಪೇರಿ ಅಂಗಡಿಯಲ್ಲಿ ಜಾರು ಕೊಟ್ಟೆ. ಅವರು ಅದನ್ನು ಕೂಡಿಸಿ, ಗರ್ ಎಂದು ತಿರುಗಿಸಿ, ಬ್ಲೇಡು ಮುಟ್ಟಿ ನೋಡಿ, ನನ್ನ ಮುಖವನ್ನೂ ನೋಡಿದರು. "ಏನಾಗಿಲ್ರಿ ಇದಕ್ಕ. ಹೊಸಾದು ಇದ್ದಂಗ ಐತಿ." ದುಡ್ಡೂ ತಗೊಳ್ಳಲಿಲ್ಲ. ಚೀಲಕ್ಕೆ ಜಾರು ಹಾಕಿಕೊಂಡು ಹೊರಬಿದ್ದಾಗ ನನಗೆ ಒಮ್ಮೆಲೇ ನಮ್ಮಜ್ಜಿಯ ಕಣ್ಣಿನ ಮೇಲೂ ಅನುಮಾನ ಬಂತು.

ಊಟದ ಹೊತ್ತಾಗಿತ್ತು. ಅಪ್ಪನ ಕಾಲದಲ್ಲಿ ರಾಯಚೂರಿನಲ್ಲಿ ಊಟವೆಂದರೆ ಬುತ್ತಿಗಂಟು. ಜೋಳದ ಖಡಕ್ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಗುದ್ದಿದ ಉಳ್ಳಾಗಡ್ಡಿ, ಎಲ್ಲಾದರೂ ಒಂದು ಬೇವಿನ ಮರ. ಪಕ್ಕದ ಹೋಟೆಲಿನ ಬಿರಿಯಾನಿಯ ವಾಸನೆ, ಎದುರಿನ ಮೆಸ್ಸಿನ ಸಾರಿನ ವಾಸನೆ ಎರಡನ್ನೂ ಪುಕ್ಕಟೆ ನಂಚಿಕೊಂಡು ತಿಂದು ಏಳುತ್ತಿದ್ದೆವು. ಆದರೆ ಸಂಜೆಯ ಹೊತ್ತಿಗೆ ಅಪ್ಪ ತಾನಾಗಿಯೇ ಸೋಲುತ್ತಿದ್ದ. ಮಂಡಾಳ ಒಗ್ಗರಣೆ, ಮಿರ್ಚಿ. ನೀರಲ್ಲಿ ಅದ್ದಿ ಹಿಂಡಿದ ಮಂಡಾಳಿಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆ, ಮೇಲೆ ಪುಟಾಣಿ ಪುಡಿ. ಮಾನ್ವಿಯಲ್ಲೂ ಇದೇ ಮಂಡಾಳು, ಇದೇ ಒಗ್ಗರಣೆ, ಬೇಕಾದರೆ ಇದಕ್ಕಿಂತ ಚೆನ್ನಾಗಿಯೇ ಸಿಗುತ್ತದೆ. ಆದರೆ ಅದನ್ನು ತಿನ್ನಲು ಬಸ್ಸು ಹತ್ತಬೇಕಾಗಿಲ್ಲವಲ್ಲ!

ಹುಡುಗ ಮಿರ್ಚಿಯ ತಟ್ಟೆ ನೋಡಿ ಬಂಡಿಯವರನ್ನು ಕೇಳಿದ, "ಖಾರ ಅದ ಏನ್ರಿ?"

"ಮೆಣಸಿನಕಾಯಿ ಐತ್ರಿ ಅದು" ಎಂದರು ಅವರು.

ಅದಾದ ಮೇಲೆ ಇರಾನಿ ಚಾ ಕುಡಿದರೂ ಅವನ ಕಣ್ಣೀರು ನಿಲ್ಲಲಿಲ್ಲ. ಆ ಕಣ್ಣಲ್ಲೇ ಅವನಿಗೆ ಸ್ಟೇಷನ್ ತೋರಿಸಿದೆ. ನಮ್ಮ ಕಾಲದಲ್ಲಿ ರಾಯಚೂರಿನ ನಿಜವಾದ ಪ್ರೇಕ್ಷಣೀಯ ಸ್ಥಳ ಅದೇ. ಮುಂಬೈಯಿಂದ ಬಂದ ಹಳಿಯೂ ಮದರಾಸಿನಿಂದ ಬಂದ ಹಳಿಯೂ 1871ರಲ್ಲಿ ಕೂಡಿದ್ದು ಈ ಊರಿನಲ್ಲಿ. ಮಾನ್ವಿಯಲ್ಲಿ ರೈಲಿಲ್ಲ. ಗಂಜಿನ ವ್ಯವಹಾರ ಮುಗಿದಿದ್ದರೂ ಅಪ್ಪ "ಇನ್ನೊಂದು ಸ್ವಲ್ಪ ಕೆಲಸ ಐತಿ" ಎಂದು ನಮ್ಮನ್ನು ಪ್ಲಾಟ್‌ಫಾರಂಗೆ ಕರೆತರುತ್ತಿದ್ದ. ಮದರಾಸಿನ ಕಡೆಯ ಗಾಡಿ ಬಂದು ನಿಂತು ಹೊರಡುವವರೆಗೆ ಮಾತಾಡುತ್ತಿರಲಿಲ್ಲ. ಒಂದೊಂದೇ ಡಬ್ಬಿಯ ಕಿಟಕಿಯಲ್ಲಿ ಕೂತವರನ್ನು ನೋಡುತ್ತಿದ್ದ. ಗಾರ್ಡಿನ ಡಬ್ಬಿ ಮರೆಯಾದ ಮೇಲೆ ಧೋತರ ಝಾಡಿಸಿಕೊಂಡು, "ನಡೀರಿ, ಕೆಲಸ ಆತು" ಎನ್ನುತ್ತಿದ್ದ. ಅಪ್ಪ ಆ ಗಾಡಿ ಹತ್ತಲೇ ಇಲ್ಲ. ಮದರಾಸಿನಲ್ಲಿ ಅವನಿಗೆ ಕೆಲಸವಿರಲಿಲ್ಲ.

ಈಗ ಮಾನ್ವಿಯಲ್ಲಿ ಎಲ್ಲವೂ ಸಿಗುತ್ತದೆ. ಜವಳಿ ಸಿಗುತ್ತದೆ, ಮಿಕ್ಸಿ ರಿಪೇರಿಯೂ ಆಗುತ್ತದೆ. ಸಿಗದಿದ್ದರೆ ಮೊಬೈಲಿನಲ್ಲಿ ಒತ್ತಿದರೆ ಖಾಕಿ ಡಬ್ಬಿ ಬಾಗಿಲಿಗೇ ಬರುತ್ತದೆ. 1997ರ ಸುಮಾರಿಗೆ ಮಂಜೂರಾದ ಮುನಿರಾಬಾದ್–ಮಹಬೂಬ್‌ನಗರ ರೈಲು ಮಾರ್ಗ ತೆವಳುತ್ತ ತೆವಳುತ್ತ ಸಿಂಧನೂರಿನವರೆಗೆ ಬಂದಿದೆ. ಮುಂದಿನದು ಮಾನ್ವಿಯೇ. ಅದು ಬರಲೆಂದು ನಾನೂ ಕಾಯುತ್ತಿದ್ದೇನೆ, ಬಂದರೆ ರೈಲು ನೋಡಲು ರಾಯಚೂರಿಗೆ ಹೋಗುವ ದಾರಿಯೂ ಮುಚ್ಚುತ್ತದೆ ಎಂಬ ಸಂಕಟವೂ ಇದೆ. ನಮ್ಮ ಹಿರಿಯರಿಗೆ ಸಂತೋಷಪಡಲು ಸಂಕೋಚವಿತ್ತು, ಆದ್ದರಿಂದ ಅದನ್ನು ಹತ್ತಿಯ ಮೂಟೆಯಲ್ಲೋ ಜವಳಿಯ ಗಂಟಿನಲ್ಲೋ ಅಡಗಿಸಿ ಸಾಗಿಸುತ್ತಿದ್ದರು. ನಮಗೆ ಆ ಸಂಕೋಚ ಪೂರ್ತಿ ಹೋಗಿಲ್ಲ, ಅಡಗಿಸಲು ಗಂಟುಗಳು ಮಾತ್ರ ಒಂದೊಂದಾಗಿ ಖಾಲಿಯಾಗಿವೆ. ಹುಡುಗನಿಗೆ ಗಂಟೇ ಬೇಡ. ಅವನು ಸುಮ್ಮನೆ ಹೋಗಬಲ್ಲ, ನೋಡಬಲ್ಲ, ಇಳಿಯಬಲ್ಲ. ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತದೆ.

ರಾತ್ರಿ ಮನೆ ಮುಟ್ಟಿದಾಗ ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಕೋಟೆ ಹೇಗಿತ್ತು, ಏನು ತಿಂದಿರಿ ಎಂದು ಕೇಳಲಿಲ್ಲ.

"ಹೋದ ಕೆಲಸ ಆತೇನು?"

"ಎಲ್ಲಿ ಕೆಲಸವ್ವ? ಜಾರಿಗೆ ಏನೂ ಆಗಿಲ್ಲಂತ. ಛಲೋ ಐತಂತ."

ಅವ್ವ ಜಾರನ್ನು ಕೈಗೆ ತಗೊಂಡು, ದೀಪಕ್ಕೆ ಹಿಡಿದು, ಹಿಂದೆಮುಂದೆ ತಿರುಗಿಸಿ ನೋಡಿದಳು. ಮುಖದಲ್ಲಿ ನಗೆಯ ಸುಳಿವಿಲ್ಲ.

"ಅವರಿಗೇನು ತಿಳೀತೈತಿ?" ಎಂದಳು. "ಮುಂದಿನ ವಾರ ನಾನೂ ಬರ್ತೀನಿ. ಬ್ಯಾರೆ ಅಂಗಡ್ಯಾಗ ತೋರಿಸೋಣ."