ಒಗೆಯೋ ಕಲ್ಲು

ನನ್ನ ಬ್ಯಾಕ್‌ಪ್ಯಾಕು 50 ಲೀಟರಿನದು ಅಂದಾಗ ಅಮ್ಮ ಫೋನಿನಲ್ಲಿ ಕೇಳಿದ್ದು, "ಅದ್ರಾಗೆ ಹಾಲು ತುಂಬ್ತೀರಾ?" ಅಂತ.

ನಾನಾಗ ಪೆರುವಿಗೆ ಹೊರಡುವ ತಯಾರಿಯಲ್ಲಿದ್ದೆ. ಎರಡು ವರ್ಷದ ಬೋನಸ್ಸು, ಕೂಡಿಟ್ಟ ರಜೆ, ಮ್ಯಾನೇಜರ್ ಮುಂದೆ ಹಲ್ಲು ಗಿಂಜಿದ್ದು ಎಲ್ಲ ಸೇರಿ ಮಚು ಪಿಚುವಿಗೆ ಹೋಗುವ ನಾಲ್ಕು ದಿನದ ಇಂಕಾ ಟ್ರೇಲ್ ಬುಕ್ ಆಗಿತ್ತು. ಅಮ್ಮನಿಗೆ ಇದನ್ನೆಲ್ಲ ಹೇಗೆ ಹೇಳುವುದು?

"ಅಲ್ಲೇನೈತೆ?"

"ಬೆಟ್ಟದ ಮೇಲೆ ಕಲ್ಲಿನ ಊರಮ್ಮ. ಐನೂರು ಚಿಲ್ಲರೆ ವರ್ಷ ಹಳೇದು. ಈಗ ಅಲ್ಲಿ ಯಾರೂ ಇಲ್ಲ."

"ಯಾರೂ ಇಲ್ಲದ ಊರಿಗೆ ಹೋಗಿ ಯಾರ ಮನ್ಯಾಗೆ ಇಳ್ಕೊಂತೀಯ?"

ಉತ್ತರ ಇರಲಿಲ್ಲ. ಟೆಂಟು ಅಂದೆ. ಅವಳು "ಹೂಂ" ಅಂದಳು. ನಮ್ಮ ತೊಗರ್ಸಿಯಲ್ಲಿ ಆ ಹೂಂಗೆ ಬಹಳ ಅರ್ಥಗಳಿವೆ, ಒಂದೂ ಒಳ್ಳೇದಲ್ಲ.

ಪೆರು ಚೆನ್ನಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಂಥ ಬರಹಗಳಲ್ಲಿ ಕೊನೆಗೆ ಹೊರದೇಶ ಸಪ್ಪೆ, ನಮ್ಮೂರೇ ಸ್ವರ್ಗ ಅಂತ ಆಗಿಬಿಡುತ್ತದೆ. ನನಗೆ ಹಾಗನ್ನಿಸಿಲ್ಲ. ಸುಮಾರು 43 ಕಿಲೋಮೀಟರ್ ದಾರಿ, ಅದರಲ್ಲಿ ಬಹುಪಾಲು ಕಲ್ಲಿನ ಮೆಟ್ಟಿಲು. ಎರಡನೇ ದಿನ 4,215 ಮೀಟರ್ ಎತ್ತರದ ಕಣಿವೆ ದಾಟಬೇಕು. ಅದರ ಹೆಸರೇ 'ಸತ್ತ ಹೆಂಗಸಿನ ಕಣಿವೆ'. ಅಲ್ಲಿ ಉಸಿರಿಗೆ ಒದ್ದಾಡುತ್ತ ಹೆಸರಿಗೆ ನಾನೇ ಸರಿಹೊಂದುತ್ತೇನೆ ಅಂದುಕೊಂಡೆ. ದಿನಕ್ಕೆ 500 ಜನರಿಗೆ ಮಾತ್ರ ಪರ್ಮಿಟ್ಟು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಮ್ಮಂಥವರ ಟೆಂಟು, ಗ್ಯಾಸು, ಮೊಟ್ಟೆ ಹೊರುವವರು. ನನ್ನ 50 ಲೀಟರಿನ ಬಣ್ಣದ ಚೀಲದ ಪಕ್ಕದಲ್ಲಿ ಅವರು ಗೋಣಿಯಂಥ ಮೂಟೆ ಕಟ್ಟಿಕೊಂಡು ಓಡಿಯೇ ಹೋಗುತ್ತಿದ್ದರು. ನಾಲ್ಕನೇ ಬೆಳಿಗ್ಗೆ ಮಂಜು ಸರಿದು ಮಚು ಪಿಚು ಕಂಡಾಗ ಅತ್ತೆ. ಫೋಟೋದಲ್ಲಿ ಕಣ್ಣು ಕೆಂಪಗಿರುವುದಕ್ಕೆ ಅದೇ ಕಾರಣ, ನಿದ್ದೆಗೆಟ್ಟಿದ್ದಲ್ಲ.

ಆದರೆ ನೆನಪಲ್ಲಿ ಉಳಿದದ್ದು ಗೈಡು ಹೇಳಿದ ಎರಡು ಮಾತು. 1911ರ ಜುಲೈನಲ್ಲಿ ಹೈರಮ್ ಬಿಂಗಮ್ ಅನ್ನುವ ಅಮೆರಿಕನ್ ಪ್ರೊಫೆಸರ್ ಇದನ್ನು 'ಕಂಡುಹಿಡಿದಾಗ' ಅಲ್ಲಿ ರೈತ ಕುಟುಂಬಗಳು ವಾಸವಾಗಿದ್ದವಂತೆ. ಇಂಕಾಗಳು ಕಟ್ಟಿದ ಮೆಟ್ಟಿಲುಹೊಲಗಳಲ್ಲೇ ಬೆಳೆ ಬೆಳೆದುಕೊಂಡಿದ್ದರು. ಬಿಂಗಮ್ಮಿಗೆ ಒಳಗೆಲ್ಲ ಸುತ್ತಾಡಿಸಿ ತೋರಿಸಿದ್ದು ಅಲ್ಲಿನ ಒಬ್ಬ ಚಿಕ್ಕ ಹುಡುಗ. ಗೈಡಿನ ಊರು ಒಲ್ಲಾಂತಾಯ್‌ತಾಂಬೊ. ಅಲ್ಲಿ ಇಂಕಾಗಳು ಹಾಕಿದ ಬೀದಿಗಳಲ್ಲೇ ಜನ ಇವತ್ತಿಗೂ ಇದ್ದಾರೆ. "ನಮ್ಮನೆ ಗೋಡೆ ಕೆಳಗಿನ ಅರ್ಧ ಇಂಕಾಗಳದ್ದು, ಮೇಲಿನ ಅರ್ಧ ನಮ್ಮಪ್ಪಂದು. ಸೋರೋದು ಅಪ್ಪಂದು" ಅಂದ. ಆಮೇಲೆ ಕೇಳಿದ, ನಿಮ್ಮೂರಲ್ಲಿ ಏನಿದೆ? ನಾನು ಹಂಪಿ ಅಂದೆ. ಅದು ನಿಮ್ಮೂರಾ? ಅಲ್ಲ, ಬಸ್ಸಲ್ಲಿ ಅರ್ಧ ದಿನದ ದಾರಿ. ಮತ್ತೆ ನಿಮ್ಮೂರಲ್ಲಿ? ಏನಿಲ್ಲ, ಮೆಕ್ಕೆಜೋಳ, ಅಡಿಕೆ ಅಂದೆ. ಮೆಕ್ಕೆಜೋಳ ನಮ್ಮ ಕಡೆಯಿಂದ ಬಂದದ್ದು ಅಂತ ನಕ್ಕ. ಅಲ್ಲಿಗೆ ನನ್ನ ಪಾಲಿಗೆ ಉಳಿದದ್ದು ಅಡಿಕೆ ಮಾತ್ರ.

ಇದಾಗಿ ಮೂರು ವರ್ಷಕ್ಕೆ ಅಪ್ಪ ತೀರಿಕೊಂಡರು. ಅಮ್ಮ ಒಬ್ಬಳೇ. ಅಣ್ಣ ಪುಣೆಯಲ್ಲಿ, ನಾನು ಬೆಂಗಳೂರಲ್ಲಿ. ವಿಡಿಯೋ ಕಾಲಿನಲ್ಲಿ ನಾವಿಬ್ಬರೂ ಮನೆ ಮಾರುವುದು ಅಂತ ತೀರ್ಮಾನ ಮಾಡಿದೆವು. ಅಮ್ಮ ಬೇಡ ಅನ್ನಲಿಲ್ಲ. ಹೂಂ ಅಂದಳು.

ಸಾಮಾನು ಕಟ್ಟಲು ಅಂತ ಹತ್ತು ದಿನ ಊರಿಗೆ ಬಂದೆ. ಮೂರೇ ದಿನಕ್ಕೆ ಸಾಕಾಯ್ತು. ತಾಮ್ರದ ಹಂಡೆ ಯಾರಿಗೆ, ಕಣಜದ ಹಲಗೆ ಯಾರಿಗೆ, ಅಪ್ಪನ ಕೋಟು ಏನು ಮಾಡೋದು. ಅಣ್ಣನ ಜೊತೆ ಫೋನಿನಲ್ಲಿ ಜಗಳ. ನಾಲ್ಕನೇ ದಿನ ಬೆಳಿಗ್ಗೆ, ಅಟ್ಟಕ್ಕೆ ಹಾಕಲು ತಂದಿದ್ದ ಅದೇ ಬ್ಯಾಕ್‌ಪ್ಯಾಕಿಗೆ ಎರಡು ಜೊತೆ ಬಟ್ಟೆ, ನೀರು, ಚಪಾತಿ ತುಂಬಿಕೊಂಡು "ಸ್ವಲ್ಪ ನಡ್ಕೊಂಡು ಬರ್ತೀನಿ" ಅಂದೆ. ಅಮ್ಮ ಎಲ್ಲಿಗೆ ಅಂತ ಕೇಳಲೂ ಇಲ್ಲ.

ಹೊಲದ ಬದುಗಳ ಮೇಲೆ ನಡೆದು ತಾಳಗುಂದಕ್ಕೆ ಬಂದೆ. ಶಾಲೆಯಲ್ಲಿದ್ದಾಗ ಬಂದಿದ್ದೆ, ಟೀಚರ್ ಬಿಸಿಲಲ್ಲಿ ನಿಲ್ಲಿಸಿದ್ದು ಬಿಟ್ಟರೆ ಏನೂ ನೆನಪಿಲ್ಲ. ಪ್ರಣವೇಶ್ವರ ಗುಡಿಯ ಮುಂದೆ ಒಂದು ಕಂಬ. ಕದಂಬ ಶಾಂತಿವರ್ಮನ ಕಾಲದ್ದು, ಐದನೇ ಶತಮಾನ. ಕುಬ್ಜ ಅನ್ನುವ ಕವಿ ಬರೆದ ಸಂಸ್ಕೃತ ಕಾವ್ಯ ಕಂಬದ ಮೈತುಂಬ ಇದೆ. ಅದರ ಕಥೆ ನಮಗೆಲ್ಲ ಗೊತ್ತಿರುವುದೇ: ಮಯೂರಶರ್ಮ ಅನ್ನುವ ಹುಡುಗ ಗುರು ವೀರಶರ್ಮನ ಜೊತೆ ಓದಲು ಕಂಚಿಗೆ ಹೋಗುತ್ತಾನೆ, ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಗುತ್ತದೆ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿಯುತ್ತಾನೆ, ವಾಪಸ್ ಬಂದು ರಾಜ್ಯ ಕಟ್ಟುತ್ತಾನೆ. ಓದಲು ದೂರದ ಊರಿಗೆ ಹೋಗಿ, ಅವಮಾನವಾಗಿ, ತಿರುಗಿ ಬಂದು ಏನಾದರೂ ಮಾಡಿದವನು. ನಾವೆಲ್ಲ ಅವಮಾನವಾದರೆ ಕಂಪನಿ ಬದಲಾಯಿಸುತ್ತೇವೆ ಅಷ್ಟೆ. ಇದೇ ಅಂಗಳದಲ್ಲಿ ಅಗೆದಾಗ ಸಿಕ್ಕ ಸಿಂಹದ ಕಟಾಂಜನದ ಮೇಲಿನ ಬರಹ ಕ್ರಿ.ಶ. 370ರದ್ದು, ಹಲ್ಮಿಡಿಗಿಂತ ಹಳೆಯ ಕನ್ನಡ ಅದರಲ್ಲಿದೆ ಎಂದು ಪುರಾತತ್ವ ಇಲಾಖೆ ಹೇಳುತ್ತದೆ. ಮಚು ಪಿಚುವಿಗಿಂತ ಸಾವಿರ ವರ್ಷ ಹಿರಿಯದು. ಒಬ್ಬ ಅಜ್ಜ ಆಡು ಮೇಯಿಸುತ್ತಿದ್ದ. ಪರ್ಮಿಟ್ಟು ಕೇಳಲಿಲ್ಲ, ಯಾರ ಮಗಳು ಅಂತ ಕೇಳಿದ.

ಅಲ್ಲಿಂದ ಬಳ್ಳಿಗಾವಿ. ಕೇದಾರೇಶ್ವರ ಗುಡಿಯ ನುಣುಪು ಕಂಬಗಳು, ಗಂಡಭೇರುಂಡನ ಎತ್ತರದ ಸ್ತಂಭ, ಅಲ್ಲಮ ಮದ್ದಳೆ ಬಾರಿಸಿದ ಊರು. 1162ರ ಒಂದು ಶಾಸನದಲ್ಲಿ ಇಲ್ಲಿನ ಕೋಡಿಯ ಮಠದ ವರ್ಣನೆ ಇದೆ. ಅಲ್ಲಿ ವೇದ, ವ್ಯಾಕರಣ ಕಲಿಸುತ್ತಿದ್ದರು, ಬಡವರಿಗೆ, ಅಂಗವಿಕಲರಿಗೆ ಊಟ ಹಾಕುತ್ತಿದ್ದರು, ರೋಗಿಗಳಿಗೆ ಮದ್ದು ಕೊಡುತ್ತಿದ್ದರು. ಅಪ್ಪನನ್ನು ಆಂಬುಲೆನ್ಸಿನಲ್ಲಿ ಹಾಕಿಕೊಂಡು ಶಿವಮೊಗ್ಗಕ್ಕೆ ಓಡಿದ ರಾತ್ರಿ ನೆನಪಾಗಿ ಅಲ್ಲಿ ಹೆಚ್ಚು ಹೊತ್ತು ಕೂರಲಾಗಲಿಲ್ಲ. ಗುಡಿಯ ಸುತ್ತ ಸಾಲಾಗಿ ನಿಲ್ಲಿಸಿದ್ದ ವೀರಗಲ್ಲುಗಳ ಫೋಟೋ ತೆಗೆದುಕೊಂಡು ಶಿರಾಳಕೊಪ್ಪಕ್ಕೆ ನಡೆದೆ, ಸೊರಬದ ಬಸ್ಸು ಹತ್ತಿದೆ.

ಮಾರನೇ ದಿನ ಚಂದ್ರಗುತ್ತಿ. ಬೆಂಗಳೂರಲ್ಲಿ ಈ ಹೆಸರು ಹೇಳಿದರೆ ಸ್ವಲ್ಪ ವಯಸ್ಸಾದವರು ಮುಖ ಒಂಥರಾ ಮಾಡುತ್ತಾರೆ. ರೇಣುಕಾಂಬೆಯ ಜಾತ್ರೆಯ ಬೆತ್ತಲೆ ಸೇವೆ, 1986ರ ಗಲಾಟೆ, ಆಮೇಲಿನ ನಿಷೇಧ, ಅವರಿಗೆ ಗೊತ್ತಿರುವುದು ಅಷ್ಟೇ. ಅಮ್ಮನವರ ಗುಹೆಯ ಗುಡಿ ದಾಟಿ ಮೇಲೆ ಹತ್ತಿದರೆ ಕೋಟೆ ಇದೆ ಅಂತ ಎಷ್ಟೋ ಜನರಿಗೆ ತಿಳಿಯದು. 848 ಮೀಟರ್ ಎತ್ತರ. 'ಸತ್ತ ಹೆಂಗಸಿನ ಕಣಿವೆ' ಇದನ್ನು ಕೇಳಿದರೆ ನಕ್ಕುಬಿಡುತ್ತದೆ. ಆದರೆ ನಿಜ ಹೇಳಬೇಕೆಂದರೆ ನನಗೆ ಇಲ್ಲೇ ಹೆಚ್ಚು ಭಯವಾಯ್ತು. ಅಲ್ಲಿ ಹಿಂದೆ ಮುಂದೆ ಜನ ಇದ್ದರು. ಇಲ್ಲಿ ಒಬ್ಬಳೇ. ಒಣ ಎಲೆ ಸರಕ್ ಅಂದರೆ ಹಾವು, ಸರಕ್ ಅನ್ನದಿದ್ದರೆ ಚಿರತೆ. ಬೇರುಗಳು ಗೋಡೆಯನ್ನು ಸೀಳಿ ಈಗ ಅವೇ ಗೋಡೆಯನ್ನು ಹಿಡಿದುಕೊಂಡಿವೆ. ಬಾಗಿಲುವಾಡಗಳಿವೆ, ಬಾಗಿಲಿಲ್ಲ. ಕದಂಬರು, ವಿಜಯನಗರದವರು, ಕೆಳದಿಯವರು, ಎಲ್ಲರೂ ಇದಕ್ಕಾಗಿ ಬಡಿದಾಡಿದವರೇ. ಹರಿಹರನ ತಮ್ಮ ಮಾರಪ್ಪ ಇಲ್ಲಿಂದಲೇ ಈ ಸೀಮೆ ಆಳಿದ. ಇಂಕಾಗಳ ಹಾಗೆ ಬ್ಲೇಡು ತೂರದಷ್ಟು ನಯವಾಗಿ ಕಲ್ಲು ಕೂರಿಸಿದವರಲ್ಲ ನಮ್ಮವರು, ಸಿಕ್ಕಿದ ಕಲ್ಲನ್ನು ಸಿಕ್ಕಿದ ಹಾಗೆ ಒಟ್ಟಿದ್ದಾರೆ. ಆದರೂ ನಿಂತಿದೆ. ಮೇಲೆ, ಹಸಿರು ಪಾಚಿಯ ನೀರಿನ ಹೊಂಡದ ಪಕ್ಕ ಕೂತು ಚಪಾತಿ ತಿಂದೆ. ಚಂದ್ರನನ್ನೇ ಮರೆಮಾಡುವಷ್ಟು ಎತ್ತರ ಅಂತ ಈ ಹೆಸರು ಬಂದದ್ದಂತೆ. ಹಗಲು ಹನ್ನೊಂದಕ್ಕೆ ಅದನ್ನು ಪರೀಕ್ಷಿಸುವ ಹಾಗಿರಲಿಲ್ಲ. ಇನ್‌ಸ್ಟಾಗ್ರಾಮಿಗೆ ಹಾಕೋಣ ಅಂತ ಫೋನ್ ತೆಗೆದವಳು ಹಾಗೇ ಒಳಗಿಟ್ಟೆ. ನಾಳೆ ಇಲ್ಲಿ ಜಿಪ್‌ಲೈನು ಬಂದರೆ ಅದಕ್ಕೆ ನಾನು ಕಾರಣ ಆಗಬಾರದು. ಈಗ ಇಲ್ಲಿ ಬರೆದು ಅದನ್ನೂ ಕೆಡಿಸಿದೆ, ಇರಲಿ.

ಸಂಜೆ ಮನೆ ಸೇರಿದಾಗ ಅಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಪಕ್ಕದಲ್ಲಿ ಕೂತು ಬಳ್ಳಿಗಾವಿಯ ಫೋಟೋ ತೋರಿಸಿದೆ. ವೀರಗಲ್ಲಿನ ಫೋಟೋ ಬಂದಾಗ ಒದ್ದೆ ಬೆರಳಲ್ಲೇ ಜೂಮ್ ಮಾಡಲು ನೋಡಿದಳು, ಆಗಲಿಲ್ಲ.

"ಇಂಥದ್ದೇ ಇದ್ರ ತಳದಾಗೂ ಐತಲ್ಲ" ಅಂದಳು.

"ಯಾವುದರ?"

ಒಗೆಯುವ ಕಲ್ಲಿನ ಮೇಲೆ ಅಂಗೈ ತಟ್ಟಿದಳು. "ಮುಖ ಕೆಳಗ್ ಮಾಡಿ ಹಾಕಿದ್ದು ನಿಮ್ಮಜ್ಜಿ. ಮೇಲ್ಮುಖ ಇದ್ರೆ ಅವನ ಎದೆ ಮೇಲೆ ಬಟ್ಟೆ ಕುಕ್ಕಿದಂಗ ಆಗತ್ತೆ ಅಂತ. ದೀಪಾವಳ್ಯಾಗೆ ಇಲ್ಲಿ ಯಾಕೆ ದೀಪ ಇಡ್ತಿದ್ವಿ ಅಂದ್ಕೊಂಡಿದ್ದಿ ಮತ್ತೆ?"

ನಾನು ಬಾವಿಗೆ ದೀಪ ಅಂದುಕೊಂಡಿದ್ದೆ. ಮೂವತ್ತೊಂದು ವರ್ಷ.

ಮನೆ ಕೊಳ್ಳುವವರು ಆ ಜಾಗದಲ್ಲಿ ನೀರಿನ ಸಂಪು ತೆಗೆಸುವವರಿದ್ದರು. ಕಲ್ಲು ತೆಗೆದು ಕೊಡಿ ಅಂತ ಮೊದಲೇ ಹೇಳಿದ್ದರು. ಅಮ್ಮ ಇದನ್ನು ಯಾಕೆ ಹೇಳಲಿಲ್ಲ? ಯಾರೂ ಕೇಳಲಿಲ್ಲವಲ್ಲ, ಅಂದಳು. ಅಣ್ಣನಿಗೆ ಫೋನ್ ಮಾಡಿದೆ. ಎರಡು ನಿಮಿಷ ಮಾತಾಡಲಿಲ್ಲ, ಆಮೇಲೆ "ಒಡೀಬೇಡಿ" ಅಂದ. ಒಂದು ವಾರದಲ್ಲಿ ನಾವಿಬ್ಬರೂ ಒಪ್ಪಿದ ಮೊದಲ ವಿಷಯ ಅದು.

ಮರುದಿನ ನಾಲ್ಕು ಜನ ಹಾರೆ ಹಾಕಿ ಎತ್ತಿದರು. ತಳದಲ್ಲಿ ಎರೆಹುಳು, ತಂಪು ಮಣ್ಣು. ಕೊಡದಲ್ಲಿ ನೀರು ಸುರಿದಾಗ ಒಂದೊಂದೇ ಪಟ್ಟಿಕೆ ಕಂಡಿತು. ಕೆಳಗೆ ಬಿಲ್ಲು ಹಿಡಿದವನು, ಅವನ ಹಿಂದೆ ದನಗಳ ಸಾಲು, ಒಂದು ಕರು ತಿರುಗಿ ನೋಡುತ್ತಿದೆ. ನಡುವೆ ಇಬ್ಬರು ಅಪ್ಸರೆಯರು ಅವನನ್ನು ಕಂಕುಳಿಗೆ ಕೈ ಹಾಕಿ ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ, ಸೂರ್ಯ ಚಂದ್ರ ಇದ್ದಾರೆ. ತುರು ಕದ್ದವರನ್ನು ಅಡ್ಡಗಟ್ಟಿ ಸತ್ತವನು. ಈ ಸೀಮೆಯಲ್ಲಿ ಇಂಥವರು ಅದೆಷ್ಟೋ. ಶಿಕಾರಿಪುರ ತಾಲೂಕೊಂದರಲ್ಲೇ ಬಿ.ಎಲ್. ರೈಸ್ 300ಕ್ಕೂ ಹೆಚ್ಚು ಶಾಸನ ಓದಿಸಿ 1902ರಲ್ಲಿ ಅಚ್ಚು ಹಾಕಿಸಿದ್ದರು. ರಾತ್ರಿಯೆಲ್ಲ ಲ್ಯಾಪ್‌ಟಾಪಿನಲ್ಲಿ ಹುಡುಕಿದೆ, ನಮ್ಮ ಹಿತ್ತಲಿನವನು ಸಿಗಲಿಲ್ಲ.

ಪಟ್ಟಿಕೆಗಳ ನಡುವೆ ಎರಡು ಸಾಲು ಅಕ್ಷರ. ಹಿಂದಿನ ಬೀದಿಯ ರಿಟೈರ್ಡ್ ಮೇಷ್ಟ್ರು ಅಕ್ಕಿಹಿಟ್ಟು ಸವರಿ, ಕನ್ನಡಕ ಮೇಲೆತ್ತಿ ಓದಿದರು. ಸ್ವಸ್ತಿ ಅಂತಿದೆ. ಆಮೇಲೆ ಸವೆದಿದೆ. ತುಱು ಅಂತಿದೆ. ಹೆಸರಿರಬೇಕಾದ ಜಾಗದಲ್ಲಿ ಒಂದು ಚೂರು ಯಾವತ್ತೋ ಎದ್ದು ಹೋಗಿದೆ. ಮೇಷ್ಟ್ರು ಅಲ್ಲಿ ಬೆರಳಿಟ್ಟು ಸುಮ್ಮನಾದರು.

ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಅಂಗಳದಲ್ಲಿ ಇಂಥ ಕಲ್ಲುಗಳನ್ನು ನಿಲ್ಲಿಸಿದ್ದಾರೆ, ಬರೆದು ಕೇಳೋಣ ಅಂದರು ಅವರು. ಊರ ಕಲ್ಲು ಊರಲ್ಲೇ ಇರಲಿ, ಮಲ್ಲಿಕಾರ್ಜುನನ ಗುಡಿ ಹತ್ತಿರ ನಿಲ್ಲಿಸೋಣ ಅಂದರು ಹಾರೆ ಹಿಡಿದವರು. ನಾನು ಬೆಂಗಳೂರಿಗೆ ಅಂತ ಬಾಯಿ ತೆರೆದವಳು, ಮೂರನೇ ಮಹಡಿಯ ಬಾಲ್ಕನಿ ನೆನಪಾಗಿ ಮುಚ್ಚಿದೆ. ಸದ್ಯಕ್ಕೆ ಹಲಸಿನ ಮರಕ್ಕೆ ಒರಗಿಸಿ ನಿಲ್ಲಿಸಿದ್ದೇವೆ. ರಿಜಿಸ್ಟ್ರೇಷನ್ನಿಗೆ ಇನ್ನೂ ಮೂರು ವಾರ ಇದೆ.

ಎಲ್ಲರೂ ಹೋದ ಮೇಲೆ ಅಮ್ಮ ಅರಿಶಿನ ಕುಂಕುಮ ಇಟ್ಟಳು, ಕರುವಿಗೂ ಒಂದು ಬೊಟ್ಟು. ಕಲ್ಲು ಕಿತ್ತ ಗುಂಡಿಯನ್ನೂ, ಬಕೆಟಿನಲ್ಲಿ ನೆನೆಹಾಕಿದ್ದ ನನ್ನ ಟ್ರೆಕ್ಕಿಂಗ್ ಪ್ಯಾಂಟನ್ನೂ ನೋಡಿದಳು.

"ಅದ್ ಸರಿ. ನಾಳೆ ಬಟ್ಟೆ ಎಲ್ಲಿ ಒಗೀಲಿ?"