ಎಂದಿನಿಂದ, ಎಷ್ಟು ಕಾಲ

ಕಾನಹೊಸಹಳ್ಳಿ
ನವೆಂಬರ್ 1, 2025, ಶನಿವಾರ

ಬೆಳಿಗ್ಗೆ ಧ್ವಜಾರೋಹಣ, ನಾಡಗೀತೆ, ಆಮೇಲೆ ಮಕ್ಕಳ ಭಾಷಣ. ಹತ್ತನೇ ತರಗತಿಯ ಹುಡುಗಿಯೊಬ್ಬಳು ತಾನೇ ಬರೆದು, ಚೀಟಿ ನೋಡದೆ ಇಂಗ್ಲಿಷಿನಲ್ಲಿ ಮಾತಾಡಿದಳು. ಅದರಲ್ಲೊಂದು ವಾಕ್ಯ: 'ವಿ ಆರ್ ಇನ್ ಕರ್ನಾಟಕ ಸಿನ್ಸ್ ಮೆನಿ ಇಯರ್ಸ್.' ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಧೈರ್ಯಕ್ಕೆ ಅದು ಸಲ್ಲಬೇಕಾದದ್ದೇ.

ಆದರೆ ಆ ವಾಕ್ಯ ದಿನವಿಡೀ ತಲೆಯಲ್ಲಿ ಉಳಿಯಿತು. 'ಬಹಳ ವರ್ಷದಿಂದ ಇದ್ದೇವೆ' ಎನ್ನುವಾಗ ನಮ್ಮ ಕ್ರಿಯಾಪದ ವರ್ತಮಾನದಲ್ಲೇ ಇರುತ್ತದೆ. ಇಂಗ್ಲಿಷಿನಲ್ಲಿ ಅಲ್ಲಿ 'ಹ್ಯಾವ್ ಬೀನ್' ಬರಬೇಕು. 'ವರ್ಷದಿಂದ' ಅನ್ನುವುದಕ್ಕೂ '1956ರಿಂದ' ಅನ್ನುವುದಕ್ಕೂ ನಮಗೆ ಒಂದೇ ಪ್ರತ್ಯಯ ಸಾಕು. ಅವರಿಗೆ ಫಾರ್ ಬೇರೆ, ಸಿನ್ಸ್ ಬೇರೆ.

ಸರ್ಕಾರಿ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ. ಐದನೇ ತರಗತಿಯಲ್ಲಿ ಎಬಿಸಿಡಿ ಶುರು ಮಾಡಿದವರೂ ಇದೇ ತಪ್ಪು ಮಾಡುತ್ತಿದ್ದರು, ಒಂದನೇ ತರಗತಿಯಿಂದ ಕಲಿತವರೂ ಮಾಡುತ್ತಾರೆ. ಬೇಗ ಶುರು ಮಾಡಿದ ಮಾತ್ರಕ್ಕೆ ಇದು ಹೋಗುವುದಿಲ್ಲ. ಎರಡು ಭಾಷೆಗಳೂ ಕಾಲವನ್ನು ಹೇಗೆ ಎಣಿಸುತ್ತವೆ ಎಂದು ಪಕ್ಕಪಕ್ಕದಲ್ಲಿಟ್ಟು ತೋರಿಸಬೇಕು.

ನವೆಂಬರ್ 3, ಸೋಮವಾರ

ಪುಸ್ತಕದ ಉದಾಹರಣೆಗಳನ್ನು ಬಿಟ್ಟು ಬೋರ್ಡಿನ ಮೇಲೆ ನಮ್ಮ ಸೀಮೆಯ ಇಸವಿಗಳನ್ನೇ ಬರೆದೆ: 1953, 1956, 1973, 2021.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಮದ್ರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆ ಅಂದು ಎರಡಾಯಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೇರಿದಂತೆ ಉಳಿದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಮಕ್ಕಳಲ್ಲಿ ಹೆಚ್ಚಿನವರಿಗೆ ಇದು ಹೊಸ ಸಂಗತಿ.

ಆಮೇಲೆ ಎರಡೇ ಪ್ರಶ್ನೆ. 'ಎಂದಿನಿಂದ?' ಎಂದು ಕೇಳಿದರೆ ಉತ್ತರ ಒಂದು ಗುರುತು, ಅದಕ್ಕೆ ಸಿನ್ಸ್: ಸಿನ್ಸ್ 1953, ಸಿನ್ಸ್ ಮಂಡೇ, ಸಿನ್ಸ್ ದೀಪಾವಳಿ. 'ಎಷ್ಟು ಕಾಲ?' ಎಂದು ಕೇಳಿದರೆ ಉತ್ತರ ಒಂದು ಅಳತೆ, ಅದಕ್ಕೆ ಫಾರ್: ಫಾರ್ ಸೆವೆಂಟಿ ಟೂ ಇಯರ್ಸ್, ಫಾರ್ ಟೂ ಡೇಸ್. ಸಿನ್ಸ್ ಎಂದರೆ ಹೊಲದ ಬದುವಿನ ಕಲ್ಲು, ಫಾರ್ ಎಂದರೆ ಅಲ್ಲಿಂದ ಅಳೆದ ಹಗ್ಗ. ಹೊಲ ಕಂಡ ಮಕ್ಕಳಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಲಿಲ್ಲ.

ನವೆಂಬರ್ 6, ಗುರುವಾರ

ಹರಪನಹಳ್ಳಿ ಇವತ್ತಿನ ಇಡೀ ಪಾಠವನ್ನು ಹೊತ್ತುಕೊಂಡಿತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಆ ತಾಲ್ಲೂಕು ಬಳ್ಳಾರಿಯಿಂದ ಅಲ್ಲಿಗೆ ಹೋಯಿತು, ಸುಮಾರು ಇಪ್ಪತ್ತು ವರ್ಷ ಅಲ್ಲಿದ್ದು ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ನಮ್ಮೊಡನೆ ಇತ್ತ ಬಂತು.

ದಾವಣಗೆರೆಯ ಸಂಬಂಧ ಮುಗಿದದ್ದು: 'ಹರಪನಹಳ್ಳಿ ವಾಸ್ ಇನ್ ದಾವಣಗೆರೆ ಡಿಸ್ಟ್ರಿಕ್ಟ್ ಫಾರ್ ಅಬೌಟ್ ಟ್ವೆಂಟಿ ಇಯರ್ಸ್.' ವಿಜಯನಗರದ ಸಂಬಂಧ ನಡೆಯುತ್ತಿರುವುದು: 'ಹ್ಯಾಸ್ ಬೀನ್ ಇನ್ ವಿಜಯನಗರ ಸಿನ್ಸ್ 2021.' ಫಾರ್ ಎರಡೂ ಕಡೆ ನಡೆಯುತ್ತದೆ. ಸಂಗತಿ ಮುಗಿದಿದೆಯೋ ಇಲ್ಲವೋ ಎಂದು ಹೇಳುವುದು ಕ್ರಿಯಾಪದ.

ತವರು ಹರಪನಹಳ್ಳಿಯಾದ ತಾಯಿಯ ಮಗಳೊಬ್ಬಳು, 'ನಮ್ಮಮ್ಮ ಮದುವೆಯಾದಾಗ ಅದು ದಾವಣಗೆರೆ ಜಿಲ್ಲೆ ಸಾರ್' ಎಂದಳು. ಅದನ್ನೂ ಬೋರ್ಡಿಗೆ ಹಾಕಿದೆ.

ಮುಂದೆ ಎಗೋ ಮತ್ತು ಬಿಫೋರ್. 'ಹಿಂದೆ' ಎಂಬ ನಮ್ಮ ಒಂದು ಮಾತು ಎರಡನ್ನೂ ಹೇಳುತ್ತದೆ. ಎಗೋ ಈ ಹೊತ್ತಿನಿಂದಲೇ ಹಿಂದಕ್ಕೆ ಎಣಿಸುತ್ತದೆ: ಕೂಡ್ಲಿಗಿ ಮೈಸೂರು ಸೇರಿದ್ದು ಸೆವೆಂಟಿ ಟೂ ಇಯರ್ಸ್ ಎಗೋ. ಆಗಿಹೋದ ಇನ್ನೊಂದು ಸಂಗತಿಯಿಂದ ಹಿಂದಕ್ಕೆ ಎಣಿಸಿದರೆ ಬಿಫೋರ್: 1956ರಲ್ಲಿ ಏಕೀಕರಣವಾಯಿತು, ಕೂಡ್ಲಿಗಿ ಮೈಸೂರು ಸೇರಿದ್ದು ಥ್ರೀ ಇಯರ್ಸ್ ಬಿಫೋರ್.

ನವೆಂಬರ್ 11, ಮಂಗಳವಾರ

ತರಗತಿಯಲ್ಲಿ ಅರ್ಧ ಬೆಂಚು ಖಾಲಿ. ಶೇಂಗಾ ಕೀಳುವ, ಮೆಕ್ಕೆಜೋಳದ ತೆನೆ ಮುರಿಯುವ ಕಾಲ. ಬಂದವರನ್ನೇ ಕೇಳಿದೆ: 'ನಿಮ್ಮದು ಕಿತ್ತಾಯ್ತೇನ್ರೋ?' ಒಬ್ಬ, 'ಆಗಲೇ ಆತು ಸಾರ್.' ಇನ್ನೊಬ್ಬ, 'ಇನ್ನಾ ಕಿತ್ತಿಲ್ಲ ಸಾರ್.' ಮತ್ತೊಬ್ಬ, 'ಇನ್ನಾ ಕೀಳಾಕತ್ತಾರೆ ಸಾರ್.' ಇವತ್ತಿಗೆ ಇದಕ್ಕಿಂತ ಒಳ್ಳೆಯ ಪಾಠ ಇರಲಿಲ್ಲ.

ಮೊದಲನೆಯವನದು ಆಲ್ರೆಡಿ, ಹ್ಯಾವ್ ಮತ್ತು ಮುಖ್ಯ ಕ್ರಿಯಾಪದದ ನಡುವೆ. ಎರಡನೆಯವನದು ಯೆಟ್, ವಾಕ್ಯದ ಕೊನೆಗೆ. ಮೂರನೆಯವನದು ಸ್ಟಿಲ್: 'ದೇ ಆರ್ ಸ್ಟಿಲ್ ಪುಲ್ಲಿಂಗ್.' ಕನ್ನಡದ 'ಇನ್ನೂ' ಆಗದಿರುವುದಕ್ಕೂ ಆಗುತ್ತಿರುವುದಕ್ಕೂ ಸಲ್ಲುತ್ತದೆ, ಅದಕ್ಕೇ ಮಕ್ಕಳು ತಡವರಿಸುವುದು. 'ಬಸ್ಸು ಬಂದಿಲ್ಲ ಯೆಟ್' ಎಂದರೆ ಬರುತ್ತದೆಂಬ ನಿರೀಕ್ಷೆ. 'ಬಸ್ಸು ಸ್ಟಿಲ್ ಬಂದಿಲ್ಲ' ಎಂದರೆ ಕಾದು ಸಾಕಾಗಿದೆ. ಕೊಟ್ಟೂರು, ಕೂಡ್ಲಿಗಿ ಬಸ್ಸಿಗೆ ನಿಲ್ಲುವ ಮಕ್ಕಳಿಗೆ ಆ ಅಂತರ ತಕ್ಷಣ ಹಿಡಿಯಿತು.

ಆಲ್ರೆಡಿಗೆ ಇನ್ನೊಂದು ಉದಾಹರಣೆ ಕೇಳಿದೆ. ಕೊಟ್ಟೂರಿನ ಸಾಹಿತಿ ಕುಂ. ವೀರಭದ್ರಪ್ಪನವರು ಹುಟ್ಟಿದ್ದು 1953ರ ಅಕ್ಟೋಬರ್ 1ರಂದು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬರುವಾಗ ಅವರು 'ಆಲ್ರೆಡಿ ಟ್ವೆಂಟಿ.' ಈ ವಾಕ್ಯ ಕಟ್ಟಿದ್ದು ಹಿಂದಿನ ಬೆಂಚಿನ ಹುಡುಗ. ಮನಸ್ಸು ತುಂಬಿ ಬಂತು.

ನವೆಂಬರ್ 14, ಶುಕ್ರವಾರ

ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹಳೆಯ ವಿದ್ಯಾರ್ಥಿ ಸಂಜೆ ಬಂದ. ಬೇರೆ ಕಂಪನಿಗೆ ಹಾಕಲು ಬರೆದ ಅರ್ಜಿ ತೋರಿಸಿದ. 'ಐ ವರ್ಕ್ಡ್ ಹಿಯರ್ ಫಾರ್ ಟೂ ಇಯರ್ಸ್' ಎಂದಿತ್ತು. ಓದಿದವರು ಇವನು ಕೆಲಸ ಬಿಟ್ಟಿದ್ದಾನೆಂದೇ ತಿಳಿಯುತ್ತಾರೆ. 'ಹ್ಯಾವ್ ವರ್ಕ್ಡ್' ಮಾಡಿಸಿದೆ. 'ಐ ಹ್ಯಾವ್ ಮೆಟ್ ದ ಮ್ಯಾನೇಜರ್ ಯೆಸ್ಟರ್‌ಡೇ' ಎಂಬುದನ್ನೂ ತಿದ್ದಿಸಿದೆ. 'ನಿನ್ನೆ ಬಂದಿದ್ದಾನೆ' ಎಂದು ನಾವು ಧಾರಾಳವಾಗಿ ಹೇಳುತ್ತೇವೆ; ಇಂಗ್ಲಿಷಿನಲ್ಲಿ ಯೆಸ್ಟರ್‌ಡೇ ಬಂದರೆ ಹ್ಯಾವ್ ನಿಲ್ಲುವುದಿಲ್ಲ. ಹಳ್ಳಿಯ ಮಕ್ಕಳ ಅರ್ಜಿಗಳು ಇಂಥ ಒಂದೊಂದು ಮಾತಿನಲ್ಲಿ ಹಿಂದೆ ಬೀಳಬಾರದು. ವ್ಯಾಕರಣವನ್ನು ಇಷ್ಟು ಹಟ ಹಿಡಿದು ಕಲಿಸುವುದು ಅದಕ್ಕಾಗಿ.

ಸೋಮವಾರ ಬೈ ಮತ್ತು ಅಂಟಿಲ್. ಇಲ್ಲಿ ಕನ್ನಡವೇ ಕೈ ಹಿಡಿಯುತ್ತದೆ: ಬೈ ಎಂದರೆ 'ಒಳಗೆ', ಅಂಟಿಲ್ ಎಂದರೆ 'ತನಕ'. ಶುಕ್ರವಾರದೊಳಗೆ ಅರ್ಜಿ ಕೊಡಬೇಕು. 1953ರ ತನಕ ಕೂಡ್ಲಿಗಿ ಮದ್ರಾಸಿನಲ್ಲಿತ್ತು. ಕನ್ನಡ ಗಟ್ಟಿಯಾಗಿ ಬಲ್ಲ ಮಗು ಇದನ್ನು ಒಂದೇ ತರಗತಿಯಲ್ಲಿ ಕಲಿಯಬಲ್ಲದು. ಪಾಠವನ್ನು ಕನ್ನಡದ ವಾಕ್ಯದಿಂದಲೇ ಶುರು ಮಾಡುತ್ತೇನೆ.