ಅಣುಜೀವಿಯ ಮನೆವಾರ್ತೆ

ಗಳಿಸುವುದಕ್ಕಿಂತ ಗಳಿಸಿದ್ದನ್ನು ತೂಗಿಸಿಕೊಂಡು ಹೋಗುವುದೇ ಕಷ್ಟವೆಂಬುದು ಸಂಸಾರ ನಡೆಸಿದವರೆಲ್ಲರ ಅನುಭವ. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆ ಈ ಅನುಭವದ ಫಲ. ಆದರೆ ಈ ವಿವೇಕವು ಮನುಷ್ಯನ ಮನೆಗೆ ಮಾತ್ರ ಸೇರಿದ್ದೆಂದು ತಿಳಿಯಬೇಕಾಗಿಲ್ಲ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯದ ಒಡಲಿನಲ್ಲಿಯೂ ಆಯವ್ಯಯದ ಲೆಕ್ಕ ಎಡೆಬಿಡದೆ ನಡೆಯುತ್ತಿರುತ್ತದೆ.

ಮನುಷ್ಯನ ಕರುಳಿನಲ್ಲಿ ವಾಸಿಸುವ ಎಶ್ಚರೀಶಿಯ ಕೋಲಿ ಎಂಬ ಬ್ಯಾಕ್ಟೀರಿಯವನ್ನು 1885ರಲ್ಲಿ ಜರ್ಮನಿಯ ಮಕ್ಕಳ ವೈದ್ಯ ಥಿಯೋಡೋರ್ ಎಶರಿಷ್ ಮೊದಲಿಗೆ ವರ್ಣಿಸಿದನು. ಇಂಥ ಐನೂರು ಜೀವಿಗಳನ್ನು ಸಾಲಾಗಿ ಜೋಡಿಸಿದರೆ ಸುಮಾರು ಒಂದು ಮಿಲಿಮೀಟರ್ ಉದ್ದವಾದೀತು. ನೀರಿನ ಅಂಶವನ್ನು ಕಳೆದರೆ ಅದರ ಮೈತೂಕದ ಸುಮಾರು ಅರ್ಧಭಾಗ ಪ್ರೋಟೀನು. ಪ್ರೋಟೀನೆಂದರೆ ಅಮೈನೋ ಆಮ್ಲಗಳೆಂಬ 20 ಬಗೆಯ ಮಣಿಗಳಿಂದ ಪೋಣಿಸಿದ ಸರ. ಈ ಇಪ್ಪತ್ತರಲ್ಲಿ ಒಂಬತ್ತನ್ನು ಮನುಷ್ಯನು ಆಹಾರದಿಂದಲೇ ಪಡೆಯಬೇಕು. ಈ ಅಲ್ಪಜೀವಿಯಾದರೋ ಒಂದಿಷ್ಟು ಸಕ್ಕರೆ, ಕೆಲವು ಲವಣಗಳು ದೊರೆತರೆ ಇಪ್ಪತ್ತನ್ನೂ ತಾನೇ ತಯಾರಿಸಿಕೊಳ್ಳುತ್ತದೆ.

ಆದರೆ ಯಾವುದೂ ಬಿಟ್ಟಿಯಾಗಿ ಬರುವುದಿಲ್ಲ. ಜೀವಕೋಶದಲ್ಲಿ ಶಕ್ತಿಯನ್ನು ಹೊತ್ತು ತಿರುಗುವ ವಸ್ತು ಎ.ಟಿ.ಪಿ. ಅದರ ಒಂದು ಫಾಸ್ಫೇಟ್ ಬಂಧದ ಶಕ್ತಿಯನ್ನು ಒಂದು ನಾಣ್ಯವೆಂದು ಎಣಿಸಬಹುದು. 2002ರಲ್ಲಿ ಹಿರೋಶಿ ಅಕಾಶಿ, ತಕಾಶಿ ಗೋಜೊಬೊರಿ ಎಂಬ ವಿಜ್ಞಾನಿಗಳು ಪ್ರತಿಯೊಂದು ಅಮೈನೋ ಆಮ್ಲದ ಬೆಲೆಯನ್ನೂ ಹೀಗೆ ಲೆಕ್ಕಹಾಕಿದರು. ಗ್ಲೈಸೀನ್, ಅಲನೀನ್‌ಗಳಿಗೆ ತಲಾ ಸುಮಾರು 12 ನಾಣ್ಯಗಳಾದರೆ ಟ್ರಿಪ್ಟೊಫಾನಿಗೆ ಸುಮಾರು 74! ಇಷ್ಟಾದ ಮೇಲೆ ಒಂದೊಂದು ಮಣಿಯನ್ನು ಸರಕ್ಕೆ ಸೇರಿಸುವ ಕೂಲಿಯೆಂದು ನಾಲ್ಕು ನಾಣ್ಯಗಳು ಬೇರೆ. ಹೇರಳವಾಗಿ ಬೇಕಾಗುವ ಪ್ರೋಟೀನುಗಳಲ್ಲಿ ಅಗ್ಗದ ಮಣಿಗಳೇ ಹೆಚ್ಚಾಗಿರುವುದನ್ನು ಅವರು ಕಂಡುಕೊಂಡರು. ದಿನಬಳಕೆಗೆ ನೂಲಿನ ಸೀರೆ, ಮದುವೆಗೆ ಜರಿಯಂಚಿನ ಸೀರೆ ಎಂಬ ಮನೆಯ ರೂಢಿ ಇಲ್ಲಿಯೂ ಉಂಟು.

ಬೇಡದ್ದನ್ನು ತಯಾರಿಸದಿರುವುದೂ ಉಳಿತಾಯವೇ. ಸುತ್ತಲಿನ ದ್ರವದಲ್ಲಿ ಟ್ರಿಪ್ಟೊಫಾನ್ ಸಿದ್ಧವಾಗಿ ದೊರೆತರೆ ಬ್ಯಾಕ್ಟೀರಿಯವು ಅದನ್ನು ತಯಾರಿಸುವ ಕಿಣ್ವಗಳ ಉತ್ಪಾದನೆಯನ್ನು ತಗ್ಗಿಸಿಬಿಡುತ್ತದೆ. 1941ರ ಪ್ಯಾರಿಸ್ ನಗರ ಜರ್ಮನ್ ಸೈನ್ಯದ ವಶದಲ್ಲಿತ್ತು; ಬ್ರೆಡ್ಡಿಗೂ ಪಡಿತರ ಚೀಟಿ ಬೇಕಾಗಿದ್ದ ಕಾಲ. ಆ ಅಭಾವದ ದಿನಗಳಲ್ಲಿ ಜಾಕ್ ಮೊನೊ ಎಂಬ ತರುಣ ವಿಜ್ಞಾನಿ ಬ್ಯಾಕ್ಟೀರಿಯಗಳಿಗೆ ಎರಡು ಬಗೆಯ ಸಕ್ಕರೆಗಳನ್ನು ಒಟ್ಟಿಗೆ ಉಣಿಸಿದನು. ಅವು ಮೊದಲು ಒಂದನ್ನು ತಿಂದು ಮುಗಿಸಿ, ತುಸು ಹೊತ್ತು ಬೆಳವಣಿಗೆಯನ್ನು ನಿಲ್ಲಿಸಿ, ಬಳಿಕ ಎರಡನೆಯದಕ್ಕೆ ಕೈಹಾಕಿದವು. ಆ ವಿರಾಮವು ಹೊಸ ಕಿಣ್ವಗಳನ್ನು ಸಿದ್ಧಪಡಿಸಿಕೊಳ್ಳುವ ವೇಳೆ. ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವದ ಒಂದು ಸರದಲ್ಲಿ 1,023 ಮಣಿಗಳಿವೆ. ಪೋಣಿಸುವ ಕೂಲಿಯೇ ನಾಲ್ಕು ಸಾವಿರ ನಾಣ್ಯಗಳನ್ನು ಮೀರುತ್ತದೆ. ಹಾಲಿನ ಸಕ್ಕರೆಯಿಲ್ಲದಾಗ ಅದೇಕೆ ಬೇಕು? ಈ ಹತೋಟಿಯ ಗುಟ್ಟನ್ನು 1961ರಲ್ಲಿ ವಿವರಿಸಿದ ಮೊನೊ ಮತ್ತು ಫ್ರಾಂಸ್ವಾ ಜಾಕೋಬ್, ಆಂದ್ರೆ ಲ್ವಾಫ್‌ನೊಡನೆ 1965ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು.

ಇಷ್ಟು ಸಣ್ಣ ಉಳಿತಾಯದಿಂದ ಆಗುವ ಲಾಭವೇನು? ಒಳ್ಳೆಯ ಆಹಾರವಿದ್ದಾಗ ಈ ಜೀವಿ ಸುಮಾರು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗಿ ಎರಡಾಗುತ್ತದೆ. ದುಂದುಗಾರ ಸೋದರನೊಬ್ಬನಿಗೆ 21 ನಿಮಿಷ ಹಿಡಿಯುವುದೆಂದುಕೊಂಡರೆ, ಆಹಾರ ಮುಗಿಯದೆ ಬೆಳೆಯುತ್ತ ಹೋದ ಪಕ್ಷದಲ್ಲಿ, ಒಂದೇ ದಿನದಲ್ಲಿ ಮಿತವ್ಯಯಿಯ ಸಂತಾನವು ಅವನ ಸಂತಾನಕ್ಕಿಂತ ಹತ್ತು ಪಟ್ಟಿಗೂ ಮಿಗಿಲಾಗುತ್ತದೆ. ಒಂದು ನಿಮಿಷದ ಆಲಸ್ಯ ವಂಶವನ್ನೇ ಮೂಲೆಗುಂಪು ಮಾಡಬಲ್ಲದು. ಬ್ಯಾಕ್ಟೀರಿಯಕ್ಕೆ ಯೋಚಿಸುವ ಬುದ್ಧಿಯಿಲ್ಲ. ಲೆಕ್ಕ ತಪ್ಪಿದವು ಹಿಂದೆ ಬಿದ್ದು, ಲೆಕ್ಕ ಹಿಡಿದವು ಉಳಿದುಬಂದವು, ಅಷ್ಟೆ.

ಹಾಗೆಂದು ಇದು ಜಿಪುಣತನವಲ್ಲ. ಪ್ರೋಟೀನಿನ ಕೆಲಸಕ್ಕೆ ಅಗತ್ಯವಾದ ಸ್ಥಾನದಲ್ಲಿ ಎಪ್ಪತ್ತನಾಲ್ಕು ನಾಣ್ಯಗಳ ಟ್ರಿಪ್ಟೊಫಾನನ್ನು ಅದು ತೆತ್ತೇ ತೀರುತ್ತದೆ. ಬರಗಾಲ ಬಂದಾಗ ಹೊಸ ನಿರ್ಮಾಣವನ್ನು ತಗ್ಗಿಸುತ್ತದೆ. ಹಳೆಯ ಪ್ರೋಟೀನುಗಳನ್ನು ಬಿಚ್ಚಿ ಮಣಿಗಳನ್ನು ಮತ್ತೆ ಬಳಸುತ್ತದೆ. ಬೇಕಾದಲ್ಲಿ ಕೈಬಿಚ್ಚಿ, ಬೇಡದಲ್ಲಿ ಕೈಹಿಡಿದು ಬಾಳುವ ಈ ಮನೆವಾರ್ತೆಯನ್ನು ನೋಡಿದಾಗ, ನೀರನ್ನೂ ಅನ್ನವನ್ನೂ ಚೆಲ್ಲಿ ನಡೆಯುವ ಮನುಷ್ಯನು ಒಂದು ಕ್ಷಣ ನಿಂತು ಯೋಚಿಸಬೇಕಾಗುತ್ತದೆ.